ಇರಿದವನೊಬ್ಬ, ಜೊತೆಗಿದ್ದವನೊಬ್ಬ

ಕೈಯೆತ್ತಿ ಇರಿದವನೇ ಕೊಲೆಗಾರನೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಆದರೆ ಇರಿದವನ ಹಿಂದೆ ನಿಂತು ‘ಬಿಡಬೇಡ’ ಎಂದು ಕೂಗಿದವನನ್ನು ಏನೆನ್ನಬೇಕು? ಅವನೂ ಕೊಲೆಗಾರನೇ, ಅಥವಾ ಅದಕ್ಕಿಂತ ಕಿರಿದಾದ ನರಹತ್ಯೆಯೆಂಬ ಅಪರಾಧವು ಮಾತ್ರ ಅವನಿಗೆ ತಗಲತಕ್ಕದ್ದೇ? ಈ ಪ್ರಶ್ನೆಗೆ ತಮ್ಮಲ್ಲಿ ಮೂವತ್ತು ವರ್ಷಗಳಿಗೂ ಮೀರಿ ತಪ್ಪು ಉತ್ತರವೇ ನಡೆದುಬಂದಿತ್ತೆಂದು ಇಂಗ್ಲೆಂಡಿನ ಪರಮೋಚ್ಚ ನ್ಯಾಯಸ್ಥಾನವು 2016ರಲ್ಲಿ ತಾನೇ ಒಪ್ಪಿಕೊಂಡಿತು. ಮನೆಯಲ್ಲಿ ಬೆಳೆದ ಹುಡುಗರುಳ್ಳ ವಾಚಕರೆಲ್ಲರೂ ತಿಳಿಯತಕ್ಕ ಸಂಗತಿಯಿದೆಂದು ನಮಗೆ ತೋರಿರುವುದರಿಂದ ಇಲ್ಲಿ ವಿವರಿಸುತ್ತೇವೆ.

2011ನೆಯ ಇಸವಿಯ ಜೂನ್ ತಿಂಗಳಿನ ಒಂದು ರಾತ್ರಿ ಲೆಸ್ಟರ್ ನಗರದಲ್ಲಿ ಇಬ್ಬರು ಯುವಕರು ಮದ್ಯವನ್ನೂ ಮಾದಕ ಪದಾರ್ಥಗಳನ್ನೂ ಸೇವಿಸಿ ಪರಿಚಿತಳಾದ ಹೆಂಗಸೊಬ್ಬಳ ಮನೆಗೆ ಹೋದರು. ಆಕೆಯ ಸಂಗಡಿಗನಿಗೂ ಇವರಿಗೂ ಜಗಳ ಹತ್ತಿತು. ಒಬ್ಬನು ಅಡಿಗೆಮನೆಯ ಚೂರಿಯಿಂದ ಆ ಮನುಷ್ಯನನ್ನು ಇರಿದು ಕೊಂದನು. ಇನ್ನೊಬ್ಬನು ಸೀಸೆಯೊಂದನ್ನು ಹಿಡಿದು ಬಾಗಿಲ ಹೊರಗೆ ಕಾರಿಗೆ ಬಡಿಯುತ್ತ, ಒಳಗಿದ್ದ ಗೆಳೆಯನನ್ನು ಹುರಿದುಂಬಿಸುತ್ತಿದ್ದನು, ಚೂರಿಯನ್ನು ಮುಟ್ಟಲಿಲ್ಲ. 2012ರಲ್ಲಿ ಜೂರಿಯವರು ಇಬ್ಬರನ್ನೂ ಕೊಲೆಗಾರರೆಂದರು. ಆ ದೇಶದಲ್ಲಿ ಕೊಲೆಯೆಂದು ತೀರ್ಮಾನವಾದ ಮೇಲೆ ಯಾವಜ್ಜೀವ ಶಿಕ್ಷೆಯಲ್ಲದೆ ಬೇರೆ ಶಿಕ್ಷೆಯನ್ನು ವಿಧಿಸುವ ಸ್ವಾತಂತ್ರ್ಯವು ನ್ಯಾಯಾಧಿಪತಿಗೆ ಇಲ್ಲ, ನರಹತ್ಯೆಯಾದರೆ ಉಂಟು. ಆದುದರಿಂದ ಹೆಸರಿನ ಭೇದವು ಬರಿಯ ಶಬ್ದಭೇದವಲ್ಲ. ಹೊರಗಿದ್ದವನು ಕನಿಷ್ಠಪಕ್ಷ 20 ವರ್ಷ ಸೆರೆಯಲ್ಲಿರಬೇಕೆಂದಿದ್ದುದನ್ನು ಮೊದಲನೆಯ ಅಪೀಲಿನಲ್ಲಿ 18ಕ್ಕೆ ಇಳಿಸಿದರೇ ಹೊರತು ಕೊಲೆಯೆಂಬ ತೀರ್ಮಾನವು ಅಳಿಯಲಿಲ್ಲ.

ಇದಕ್ಕೆ ಆಧಾರವಾಗಿದ್ದುದು 1984ರಲ್ಲಿ ಹಾಂಗ್‌ಕಾಂಗಿನ ಒಂದು ಅಪೀಲಿನಲ್ಲಿ ಪ್ರಿವಿ ಕೌನ್ಸಿಲು ಕೊಟ್ಟ ತೀರ್ಪು. ಇಬ್ಬರು ಕೂಡಿ ಒಂದು ಅಪರಾಧಕ್ಕೆ ಹೊರಟಾಗ, ಜೊತೆಗಾರನು ಅದಕ್ಕೂ ಘೋರವಾದುದನ್ನು ಮಾಡಿಯಾನೆಂದು ಒಬ್ಬನ ಮನಸ್ಸಿಗೆ ಹೊಳೆದಿದ್ದು, ಅವನು ಹಿಂದೆಗೆಯದಿದ್ದರೆ ಸಾಕು; ಆ ಘೋರಕೃತ್ಯಕ್ಕೂ ಅವನು ಸಮಾನ ಹೊಣೆಗಾರನು. ಇದರ ವೈಚಿತ್ರ್ಯವನ್ನು ನೋಡಬೇಕು. ಇರಿದವನು ಕೊಲೆಗಾರನಾಗಲು ಕೊಲ್ಲುವ ಅಥವಾ ಘೋರವಾಗಿ ಗಾಯಪಡಿಸುವ ಸಂಕಲ್ಪವಿರಬೇಕು; ಪಕ್ಕದಲ್ಲಿದ್ದವನಿಗೆ ಬರಿಯ ಊಹೆ ಸಾಕು!

ನಮ್ಮ ಪ್ರಾಚೀನರು ಇದನ್ನು ಯೋಚಿಸದೆ ಇರಲಿಲ್ಲ. ಕೃತ್ಯದ ಫಲಕ್ಕೆ ಪ್ರಯೋಜಯಿತಾ, ಮಂತಾ, ಕರ್ತಾ ಎಂದು ಮೂವರು ಭಾಗಿಗಳನ್ನು ಹೇಳುವ ಆಪಸ್ತಂಬ ಧರ್ಮಸೂತ್ರವು, ಹೆಚ್ಚು ತೊಡಗಿದವನಿಗೆ ಫಲದಲ್ಲಿಯೂ ವಿಶೇಷವುಂಟೆಂದು ಒಡನೆಯೇ ಸೇರಿಸುತ್ತದೆ. ಪಾಲು ಎಲ್ಲರಿಗೂ ಇದೆ, ಸಮಪಾಲಲ್ಲ. ಅಷ್ಟೇಕೆ, ಅದೇ ಪ್ರಿವಿ ಕೌನ್ಸಿಲು 1945ರಲ್ಲಿ ನಮ್ಮ ದಂಡಸಂಹಿತೆಯ 34ನೆಯ ಸೆಕ್ಷನ್ನನ್ನು ವಿಚಾರಿಸುವಾಗ ಹೆಚ್ಚಿನ ಎಚ್ಚರಿಕೆಯನ್ನು ತೋರಿತ್ತು. ಸಿಂಧೂನದಿಯ ದಡದಲ್ಲಿ ಜೊಂಡಿಗಾಗಿ ಎದ್ದ ಜಗಳದಲ್ಲಿ, ಬಂಧುವಿನ ಕೂಗು ಕೇಳಿ ಇಬ್ಬರು ಕೋವಿ ಹಿಡಿದು ಓಡಿಬಂದರು. ಒಬ್ಬನ ಗುಂಡಿಗೆ ಒಬ್ಬನು ಸತ್ತನು, ಇನ್ನೊಬ್ಬನ ಗುಂಡು ಬೇರೊಬ್ಬನಿಗೆ ಗಾಯಮಾಡಿತು. ಗಾಯಮಾಡಿದವನಿಗೂ ವಿಧಿಸಿದ್ದ ಮರಣದಂಡನೆಯನ್ನು ಲಾಹೋರಿನ ಹೈಕೋರ್ಟು ಎತ್ತಿಹಿಡಿದಿತ್ತು. ಇಬ್ಬರ ಉದ್ದೇಶವೂ ಒಂದೇ ಬಗೆಯದಾಗಿದ್ದ ಮಾತ್ರಕ್ಕೆ ಅದು ಇಬ್ಬರೂ ಕೂಡಿ ತಳೆದ ಉದ್ದೇಶವಾಗದೆಂದು ಹೇಳಿ ಕೌನ್ಸಿಲು ಅದನ್ನು ತೊಡೆದುಹಾಕಿತು. ಮಹಬೂಬ್ ಷಾ ಪ್ರಕರಣವೆಂದು ವಕೀಲರೆಲ್ಲ ಬಲ್ಲ ತೀರ್ಪು ಇದೇ. ಆ 34ನೆಯ ಸೆಕ್ಷನ್ನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 3(5)ನೆಯ ವಿಧಿಯಾಗಿ ನಿಂತಿದೆ.

ಲೆಸ್ಟರಿನ ಯುವಕನ ಅಪೀಲು 2016ರ ಫೆಬ್ರವರಿ 18ರಂದು ತೀರ್ಮಾನವಾಯಿತು. ನ್ಯಾಯಾಧಿಪತಿಗಳಾದ ಹ್ಯೂಸ್ ಮತ್ತು ಟೋಲ್ಸನ್ ಅವರು ಬರೆದ ತೀರ್ಪಿಗೆ ಉಳಿದ ಮೂವರೂ ಸಮ್ಮತಿಸಿದರು. ಮುಂದಾಗುವುದನ್ನು ಊಹಿಸಿದ್ದನೆಂಬುದು ಸಂಕಲ್ಪಕ್ಕೆ ಸಾಕ್ಷ್ಯವಾಗಬಲ್ಲದು, ಅದೇ ಸಂಕಲ್ಪವಾಗಲಾರದು. ಹಿಂಸೆಯಲ್ಲಿ ಕೈಗೂಡಿಸಿಯೂ ಕೊಲ್ಲಲು ಅಥವಾ ಘೋರ ಗಾಯವಾಗಲು ನೆರವಾಗುವ ಉದ್ದೇಶವಿಲ್ಲದವನು ಸಾಮಾನ್ಯವಾಗಿ ನರಹತ್ಯೆಗೆ ಹೊಣೆ, ಇದು ತೀರ್ಪಿನ ಸಾರ. ಅಪೀಲು ಗೆದ್ದ ಮಾತ್ರಕ್ಕೆ ಅವನು ಮನೆಗೆ ಹೋಗಲಿಲ್ಲ. ಅದೇ ವರ್ಷ ನಾಟಿಂಗ್‌ಹ್ಯಾಮಿನಲ್ಲಿ ಮರುವಿಚಾರಣೆಯಾಗಿ, ಕೊಲೆಯಲ್ಲ, ನರಹತ್ಯೆ ಹೌದೆಂದು ಜೂರಿಯವರು ಹೇಳಿದರು. 12 ವರ್ಷ ಶಿಕ್ಷೆಯಾಯಿತು. ಇದು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಬಾಗಿಲಲ್ಲಿ ನಿಂತು ಹುರಿದುಂಬಿಸಿದವನು ನಿರಪರಾಧಿಯೆಂದು ಯಾರು ತಾನೆ ಹೇಳಿಯಾರು?

ಆದರೆ ಹಳೆಯ ಸೂತ್ರದಂತೆ ಮೊದಲೇ ಸೆರೆಗೆ ಹೋದವರ ಗತಿಯೇನು? ಇಂಥವರ ಮನೆಯವರು 2010ರಲ್ಲಿಯೇ ಒಂದು ಸಂಘ ಕಟ್ಟಿಕೊಂಡು ಹೋರಾಡುತ್ತಿದ್ದರು. ಆ ತಾಯಂದಿರಿಗೆ ಈ ತೀರ್ಪು ದೊಡ್ಡ ಆಸೆಯನ್ನು ಹುಟ್ಟಿಸಿತು. 2016ರ ಅಕ್ಟೋಬರಿನಲ್ಲಿ ಅಪೀಲು ನ್ಯಾಯಸ್ಥಾನವು ಅದನ್ನು ಬಹುಮಟ್ಟಿಗೆ ಮುರಿಯಿತು. ಕಾಲಾವಧಿ ಮೀರಿದ ಅಪೀಲಿಗೆ ಕಾನೂನು ಬದಲಾಯಿತೆಂಬ ಕಾರಣವೊಂದೇ ಸಾಲದು, ಗಣನೀಯ ಅನ್ಯಾಯವಾಗಿದೆಯೆಂದು ತೋರಿಸಬೇಕು ಎಂದಿತು. ವ್ಯಾಜ್ಯಗಳಿಗೆ ಕೊನೆಯಿರಬೇಕೆಂಬ ನ್ಯಾಯವನ್ನು ನಾವೂ ಬಲ್ಲೆವು. ಸತ್ತವನಿಗೂ ತಾಯಿಯುಂಟು, ಹತ್ತು ವರ್ಷದ ಮೇಲೆ ಆಕೆಯನ್ನು ಮತ್ತೆ ಕಟಕಟೆಯ ಮುಂದೆ ಕೂರಿಸುವುದು ಸಣ್ಣ ಮಾತಲ್ಲ. ಆದರೂ ತಪ್ಪು ನ್ಯಾಯಸ್ಥಾನದ್ದಾಗಿರುವಾಗ ಅದನ್ನು ಸಾಬೀತುಪಡಿಸುವ ಭಾರವನ್ನು ಕೈದಿಯ ಮೇಲೆಯೇ ಇಷ್ಟು ಹೊರಿಸುವುದು ನಮಗೆ ಸರಿತೋರದು. ಆ ಬಾಗಿಲನ್ನು ದಾಟಿದವರು ಬಹಳ ಸ್ವಲ್ಪ ಮಂದಿ. ಕನ್ನ ಹಾಕಲು ಹೋದಾಗ ಜೊತೆಗಾರನು ಮನೆಯ ಮುದುಕನನ್ನು ಹೊಡೆದು, ಆತನು ಸತ್ತ ಪ್ರಕರಣದಲ್ಲಿ 2005ರಲ್ಲಿ ಕೊಲೆಗಾರನೆನಿಸಿದ್ದ ಒಬ್ಬನ ಅಪರಾಧವನ್ನು ನರಹತ್ಯೆಗೆ ಇಳಿಸಿದ್ದು 2018ರಲ್ಲಿ.