ಜೋಡಿ ಪೇಜ್‌ಗೆ ಯಜಮಾನರು ಯಾರು?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಬೆಳಿಗ್ಗೆ ಕಂಡದ್ದು. ಕಾಲೇಜು ಬ್ಯಾಗ್ ಹೆಗಲಲ್ಲೇ ಇದ್ದ ಹುಡುಗ ಹಿಂದಿನಿಂದ ಬಂದು ಹುಡುಗಿಯ ಕಣ್ಣು ಮುಚ್ಚಿದ, ಕೈಗೊಂದು ಪುಟ್ಟ ಡಬ್ಬಿ ಇಟ್ಟ. ಅವಳು ಬೆರಗಾದಳು. ಮರುಕ್ಷಣವೇ ಕಲ್ಲಿಗೆ ಒರಗಿಸಿದ್ದ ಮೊಬೈಲ್ ನೋಡಿ, ‘ಬೆಳಕೇ ಬಿದ್ದಿಲ್ಲ ಕಣೋ, ಇನ್ನೊಂದ್ಸಲ’ ಅಂದಳು. ನಾನು ಸ್ವಲ್ಪ ದೂರ ಹೋಗಿ ವಾಪಸಾಗುವಷ್ಟರಲ್ಲಿ ಅವಳು ನಾಲ್ಕನೇ ಸಲ ಬೆರಗಾಗುತ್ತಿದ್ದಳು.

ನಗು ಬಂತು. ಆದರೆ ನೋಟ್ಸ್ ಪುಸ್ತಕದೊಳಗೆ ಪತ್ರ ಇಟ್ಟು ಕಳಿಸಿದ ನಮ್ಮ ತಲೆಮಾರು ನಗುವಂತಿಲ್ಲ; ನಾವೂ ಹರಿದು ಹರಿದು ಬರೆದವರೇ. ಆ ಪತ್ರಕ್ಕೆ ಓದುಗರು ಒಬ್ಬರೇ ಇದ್ದರು, ಅಷ್ಟೆ. ಸಿಕ್ಕಿಬಿದ್ದರೆ ಅಪ್ಪನೂ ಸೇರಿ ಇಬ್ಬರು.

2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅದೇ ವರ್ಷ ರೀಲ್ಸ್, ಶಾರ್ಟ್ಸ್ ಬಂದವು. ಹರೆಯದ ಜೋಡಿಗಳು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದವು. ಇಬ್ಬರ ಹೆಸರು ಬೆಸೆದ ಪೇಜ್, ಪ್ರಾಂಕ್, ತಿಂಗಳಿಗೊಂದು ‘ಆನಿವರ್ಸರಿ’. ವ್ಯೂಸ್ ಕುಸಿದರೆ ಒಂದು ಮುನಿಸು. ಜಗಳ ನೋಡಲು ಜನ ಸೇರುವುದು ನಮ್ಮ ಬೀದಿಗಳಲ್ಲಿ ಹೊಸದೇನಲ್ಲವಲ್ಲ.

ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಲು 1,000 ಚಂದಾದಾರರು ಬೇಕು. ಜೊತೆಗೆ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. 18 ತುಂಬದವರಿಗೆ ಹಣ ನೇರವಾಗಿ ಬರುವುದಿಲ್ಲ, ದೊಡ್ಡವರ ಖಾತೆಯ ಮೂಲಕವೇ ಬರಬೇಕು. ಯಾರ ಮನೆಯ ದೊಡ್ಡವರು? ಹುಡುಗನ ಅಪ್ಪನೋ, ಹುಡುಗಿಯ ಅಮ್ಮನೋ? ಇಬ್ಬರು ಸೇರಿ ಟೀ ಅಂಗಡಿ ಇಟ್ಟರೂ ಒಂದು ಕರಾರು ಪತ್ರ ಬರೆದುಕೊಳ್ಳಬಹುದು. ಇಲ್ಲಿ ಅದಕ್ಕೂ ದಾರಿಯಿಲ್ಲ: ಅಪ್ರಾಪ್ತರು ಮಾಡಿಕೊಂಡ ಕರಾರಿಗೆ ನಮ್ಮ 1872ರ ಕರಾರು ಕಾಯ್ದೆಯಡಿ ಬೆಲೆಯಿಲ್ಲ. ಹೀಗಾಗಿ ಬ್ರೇಕಪ್ ಆದ ದಿನ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರೇ ಯಜಮಾನರು. ಇನ್ನೊಬ್ಬರ ಮುಖ, ಅಳು, ಅಪ್ಪುಗೆ ಎಲ್ಲವೂ ಅವರ ವಶ.

ಹುಡುಗನ ಕುತ್ತಿಗೆಗೆ ಬೇರೊಂದು ಕುಣಿಕೆ ಇದೆ. 2012ರ ಪೋಕ್ಸೊ ಕಾಯ್ದೆಯ ಕಣ್ಣಿಗೆ 17ರ ಹುಡುಗಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮನೆಯವರು ಠಾಣೆ ಮೆಟ್ಟಿಲೇರಿದರೆ ಲೈಕ್ ಗಿಟ್ಟಿಸಿದ ರೀಲ್ ಸಾಕ್ಷ್ಯದ ಕಡತಕ್ಕೆ ಸೇರಬಹುದು.

ಹುಡುಗಿಗೆ ಬೀಳುವ ಪೆಟ್ಟು ಕಾಯ್ದೆಯಿಂದಲ್ಲ, ಕಾಮೆಂಟುಗಳಿಂದ. ‘ಯಾವ ಜನ?’ ಎಂದು ಜಾತಿ ಕೇಳುವವರು ಮೊದಲು ಬರುತ್ತಾರೆ. ಆಮೇಲೆ ಅವಳು ಒಬ್ಬಳೇ ರಂಗೋಲಿ ಹಾಕುವ ವಿಡಿಯೊ ಬಿಟ್ಟರೂ, ‘ಅವನೆಲ್ಲಿ?’

ನೆಟ್‌ನಿಂದ ಹೆಸರು ಅಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಪ್ರಕರಣ ನೆನಪಾಗುತ್ತದೆ. ಮದುವೆ ವ್ಯಾಜ್ಯವೊಂದರ ಆದೇಶದಲ್ಲಿದ್ದ ಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗಬಾರದೆಂದು ತಂದೆಯೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ನ್ಯಾಯಾಲಯ ಅವರ ಮಾತು ಒಪ್ಪಿತು. ಅದು ಬರೀ ಒಂದು ಹೆಸರು. ಇಲ್ಲಿರುವುದು ನೂರಾರು ವಿಡಿಯೊ.

ನಿಮ್ಮ ಮನೆಯಲ್ಲೂ ಇಂಥ ಪೇಜ್ ಇದೆ ಎಂದು ಗೊತ್ತಾದರೆ ಫೋನ್ ಕಿತ್ತುಕೊಳ್ಳಬೇಡಿ. ಗುಟ್ಟಾಗಿ ಇನ್ನೊಂದು ಪೇಜ್ ಹುಟ್ಟುತ್ತದೆ. ಲಾಗಿನ್ ಯಾರ ಮೇಲ್ ಐಡಿಯಲ್ಲಿದೆ, ಒಬ್ಬರು ‘ಬೇಡ’ ಅಂದರೆ ವಿಡಿಯೊ ತೆಗೆಯಲು ಇನ್ನೊಬ್ಬರು ಒಪ್ಪಿದ್ದಾರಾ, ಇವೆರಡನ್ನು ಮಾತ್ರ ಇವತ್ತೇ ಕೇಳಿ.