ಕಡಲಾಚೆಯ ಕೂಸು

ಮಗುವಿಗಾಗಿ ಕಾಯುವುದು ಸಂಸಾರವಂದಿಗರಿಗೆ ಹೊಸ ಅನುಭವವೇನಲ್ಲ. ಆದರೆ ಹೆರುವ ತಾಯಿಯ ನಿರೀಕ್ಷೆಗೆ ಒಂದು ಪಂಚಾಂಗವಿದೆ. ಬಯಕೆಯ ತಿಂಗಳು ಯಾವುದು, ಸೀಮಂತ ಯಾವಾಗ, ತೌರಿಗೆ ಹೊರಡುವುದು ಎಂದು, ತೊಟ್ಟಿಲು ತೂಗುವುದು ಯಾವ ದಿನ ಎಂಬುದನ್ನು ಮನೆಯ ಹಿರಿಯರು ಬೆರಳು ಮಡಿಸಿ ಎಣಿಸಬಲ್ಲರು. ನವಮಾಸ ತುಂಬಿತೆಂದರೆ ಯಾವ ಸರ್ಕಾರದ ಅಪ್ಪಣೆಯನ್ನೂ ಬೇಡದೆ ಮಗು ತಾನಾಗಿ ಬರುತ್ತದೆ. ಪರದೇಶದ ಕೂಸೊಂದನ್ನು ದತ್ತು ತೆಗೆದುಕೊಳ್ಳಲು ಮುಂದಾದ ದಂಪತಿಗಳ ನಿರೀಕ್ಷೆಗೆ ಇಂಥ ತಿಥಿ ನಕ್ಷತ್ರಗಳ ಆಸರೆಯಿಲ್ಲ. ಕೂಸು ಆಗಲೇ ಹುಟ್ಟಿರುತ್ತದೆ. ಅದರ ಭಾವಚಿತ್ರ ಕೈಸೇರಿರುತ್ತದೆ. ಇಡಬೇಕಾದ ಹೆಸರನ್ನೂ ಆರಿಸಿಯಾಗಿರುತ್ತದೆ. ಅದು ಮಡಿಲಿಗೆ ಬರುವ ದಿನವನ್ನು ಮಾತ್ರ ಯಾರೂ ಹೇಳಲಾರರು.

ಅಂಥ ಮನೆಯೊಂದನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಆರು ತಿಂಗಳ ಮಗುವಿಗೆಂದು ಹೊಲಿಸಿದ ಅಂಗಿಗಳು ಪೆಟ್ಟಿಗೆಯಲ್ಲಿ ಮಡಿಸಿಟ್ಟಂತೆಯೇ ಇರುತ್ತವೆ. ಮಗು ಬರುವ ವೇಳೆಗೆ ಅವು ಅದರ ಮೈಗೆ ಹಿಡಿಯಲಾರವು. ಮೊದಲ ಹಲ್ಲು ಮೂಡಿದ ಸುದ್ದಿ ವೈದ್ಯರ ವರದಿಯ ಒಂದು ಸಾಲಾಗಿ ಬರುತ್ತದೆ. ಅಂಬೆಗಾಲಿಟ್ಟಿತೆಂಬುದು ತಿಂಗಳು ಕಳೆದ ಮೇಲೆ ತಿಳಿಯುತ್ತದೆ. ನೆರೆಯವರು "ಇನ್ನೂ ಬರಲಿಲ್ಲವೆ?" ಎಂದು ಕೇಳುತ್ತಾರೆ, ಕೆಲವು ದಿನಗಳಾದ ಬಳಿಕ ಕೇಳುವುದನ್ನೇ ಬಿಡುತ್ತಾರೆ. ಕೇಳುವವರಿಲ್ಲದಾಗಿನ ಮೌನ ಕೇಳಿದ ಪ್ರಶ್ನೆಗಿಂತ ಭಾರವಾದುದು. ಈ ನಿರೀಕ್ಷೆ ಕಚೇರಿಗಳ ಕಾಠಿಣ್ಯದ ಫಲವೋ, ಅಥವಾ ನ್ಯಾಯಕ್ಕೆ ಅವಶ್ಯವಾದ ಸಾವಧಾನವೋ ಎಂಬುದು ವಿಚಾರಮಾಡತಕ್ಕ ವಿಷಯ.

ದತ್ತುವಿಗೆ ದೂರದ ಸರ್ಕಾರದ ಮನ್ನಣೆಯನ್ನು ಕಾಯಬೇಕಾದ ಸಂಕಟ ನಮ್ಮ ನಾಡಿಗೆ ತಿಳಿಯದ್ದಲ್ಲ. ಕಿತ್ತೂರಿನ ಸಂಸ್ಥಾನದಲ್ಲಿ 1824ರಲ್ಲಿ ಆದ ದತ್ತುವನ್ನು ಕಂಪನಿಯ ಅಧಿಕಾರಿಗಳು ಒಪ್ಪದೆ ಹೋದುದರಿಂದ ರಕ್ತವೇ ಹರಿಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಆ ದತ್ತುವಿಗೆ ಬ್ರಿಟಿಷ್ ಸರ್ಕಾರದ ಮನ್ನಣೆ ದೊರೆತದ್ದು 1867ರಲ್ಲಿ. ಮರುವರ್ಷವೇ ಒಡೆಯರು ಕಾಲವಾದರು. ಅರಮನೆಯಲ್ಲಿ ಆಡುತ್ತಿದ್ದ ಮಗುವನ್ನು ಮಗನೆಂದು ಕರೆಯಲು ಇಳಿವಯಸ್ಸಿನ ಅರಸರೊಬ್ಬರು ಕಡಲಾಚೆಯ ಉತ್ತರವನ್ನು ಎದುರುನೋಡಬೇಕಾಯಿತು. ಅಲ್ಲಿ ಪ್ರಶ್ನೆ ರಾಜ್ಯದ್ದು. ಇಂದಿನ ಅಂತರದೇಶೀಯ ದತ್ತುವಿನಲ್ಲಿ ಪ್ರಶ್ನೆ ಮಗುವಿನದು. ಆದುದರಿಂದ ಇಂದಿನ ವಿಳಂಬವನ್ನು ಅಳೆಯುವ ಅಳತೆಗೋಲೂ ಬೇರೆಯಾಗಬೇಕು.

ನಮ್ಮ ಹಳೆಯ ದತ್ತುವಿಧಿಯಲ್ಲಿ ಕೊಡುವವರೂ ಕೊಳ್ಳುವವರೂ ಎದುರುಬದುರಾಗಿ ಕುಳಿತಿರುತ್ತಿದ್ದರು. ಹೆತ್ತವರು ತಮ್ಮ ಕೈಯಾರೆ ಮಗುವನ್ನು ಇನ್ನೊಬ್ಬರ ತೊಡೆಯ ಮೇಲೆ ಕೂರಿಸುತ್ತಿದ್ದರು. ಬಂಧುಗಳೂ ಊರ ಹಿರಿಯರೂ ಸಾಕ್ಷಿಗಳಾಗಿರುತ್ತಿದ್ದರು. ಹೀಗೆ ಪ್ರತ್ಯಕ್ಷವಾಗಿ ಕೊಡುವ ಮತ್ತು ಪಡೆಯುವ ಕ್ರಿಯೆಯನ್ನು 1956ರ ಹಿಂದೂ ದತ್ತಕ ಕಾಯಿದೆಯೂ ಉಳಿಸಿಕೊಂಡಿದೆ. ಯಾರ ಮಗು, ಏತಕ್ಕೆ ಕೊಟ್ಟರು, ಮನಸ್ಸಿದ್ದು ಕೊಟ್ಟರೆ ಇಲ್ಲವೆ ಎಂಬುದೆಲ್ಲ ಊರಿಗೆ ಗೊತ್ತಿರುತ್ತಿತ್ತು. ಸಮುದ್ರಗಳನ್ನು ದಾಟಿ ನಡೆಯುವ ದತ್ತುವಿನಲ್ಲಿ ಆ ಊರಿಲ್ಲ, ಆ ಸಾಕ್ಷಿಗಳಿಲ್ಲ. ಕೊಡುವ ಕೈಯನ್ನು ಪಡೆಯುವ ಕೈ ಕಾಣುವುದೇ ಇಲ್ಲ. ಊರಿನ ಕಣ್ಣುಗಳು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಕಾಗದಗಳು ಮಾಡಬೇಕಾಗಿದೆ. ಕಾಗದಕ್ಕೆ ಕಾಲ ಹಿಡಿಯುತ್ತದೆ.

ಈ ಕಾಲವನ್ನು ಉಳಿಸಲು ಹೋದಾಗ ಏನಾಯಿತೆಂಬುದಕ್ಕೆ ಕೊರಿಯ ದೇಶದ ಇತಿಹಾಸವೇ ನಿದರ್ಶನ. 1953ರಲ್ಲಿ ಅಲ್ಲಿಯ ಯುದ್ಧ ನಿಂತಾಗ ಅನಾಥ ಮಕ್ಕಳು ಬೀದಿಗಳಲ್ಲಿ ತುಂಬಿಹೋಗಿದ್ದರು. ಅಮೆರಿಕದ ಆರೆಗಾನ್ ಪ್ರಾಂತದ ಹ್ಯಾರಿ ಹೋಲ್ಟ್ ಮತ್ತು ಬರ್ತಾ ಹೋಲ್ಟ್ ಎಂಬ ರೈತ ದಂಪತಿಗಳು 1955ರಲ್ಲಿ ಎಂಟು ಮಕ್ಕಳನ್ನು ದತ್ತು ತೆಗೆದುಕೊಂಡರು. ಅದಕ್ಕಾಗಿ ಅಮೆರಿಕದ ಕಾಂಗ್ರೆಸ್ ಸಭೆ ವಿಶೇಷ ಶಾಸನವನ್ನೇ ಮಾಡಿತು. ಆ ದಂಪತಿಗಳ ಅಂತಃಕರಣವನ್ನು ಸಂದೇಹಿಸಬೇಕಾದುದಿಲ್ಲ. ಆದರೆ ಅವರು ತೆರೆದ ಹಾದಿಯಲ್ಲಿ ಮುಂದಿನ ದಶಕಗಳಲ್ಲಿ 1 ಲಕ್ಷದ 40 ಸಾವಿರಕ್ಕೂ ಹೆಚ್ಚು ಮಕ್ಕಳು ಪರದೇಶಗಳಿಗೆ ಹೋದರು. ಕರುಣೆಯಾಗಿ ಮೊದಲಾದದ್ದು ವ್ಯವಹಾರವಾಗಿ ಬೆಳೆಯಿತು. 2025ರ ಮಾರ್ಚ್ ತಿಂಗಳಲ್ಲಿ ದಕ್ಷಿಣ ಕೊರಿಯದ ಸತ್ಯಶೋಧನ ಆಯೋಗವು ತನ್ನ ನಿರ್ಣಯವನ್ನು ಪ್ರಕಟಿಸಿತು: ತಂದೆತಾಯಿ ಜೀವಂತವಿದ್ದ ಮಕ್ಕಳನ್ನು ಅನಾಥರೆಂದು ಬರೆಯಲಾಗಿತ್ತು, ಒಂದು ಮಗುವಿನ ದಾಖಲೆಯನ್ನು ಇನ್ನೊಂದಕ್ಕೆ ಹೊಂದಿಸಲಾಗಿತ್ತು, ಸರ್ಕಾರ ತನ್ನ ಮೇಲ್ವಿಚಾರಣೆಯ ಕರ್ತವ್ಯದಲ್ಲಿ ತಪ್ಪಿತ್ತು. ಅರುವತ್ತರ ಹತ್ತಿರ ಬಂದ ಎಷ್ಟೋ ಮಂದಿ ಇಂದು ತಮ್ಮ ಹೆತ್ತವರನ್ನು ಅರಸಿ ಸಿಯೋಲ್ ನಗರಕ್ಕೆ ಬರುತ್ತಾರೆ. ಕೈಯಲ್ಲಿರುವ ಕಾಗದ ತಮ್ಮದೇ ಹೌದೋ ಅಲ್ಲವೋ ಎಂಬ ಅನುಮಾನ ಅವರನ್ನು ಬಿಡುವುದಿಲ್ಲ. ಅವರನ್ನು ಸಾಕಿದ ದಂಪತಿಗಳು ಹೆಚ್ಚು ದಿನ ಕಾಯಬೇಕಾಗಿರಲಿಲ್ಲ. ಆ ಕಾಯುವಿಕೆಯ ಸಾಲವನ್ನು ಮಕ್ಕಳು ಆಯುಷ್ಯವಿಡೀ ತೀರಿಸುತ್ತಿದ್ದಾರೆ.

ನಮ್ಮ ದೇಶದಲ್ಲಿಯೂ ಈ ವಿಷಯ ನ್ಯಾಯಾಲಯದ ಬಾಗಿಲಿಗೆ ಬಂದಿತು. 1956ರ ಕಾಯಿದೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಪರದೇಶಿಯರು 1890ರ ಪಾಲಕರ ಕಾಯಿದೆಯನ್ನು ಆಶ್ರಯಿಸಿ, ಮಗುವಿನ ಪಾಲಕತ್ವವನ್ನಷ್ಟೇ ಇಲ್ಲಿ ಪಡೆದು, ತಮ್ಮ ನಾಡಿಗೆ ಕರೆದೊಯ್ದು ಅಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಈ ಎಡೆಯಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯ ಅರ್ಜಿಯೆಂದು ಸ್ವೀಕರಿಸಿತು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ನೀಡಿದ ತೀರ್ಪು ಪರದೇಶದ ದತ್ತುವಿಗೆ ಮೊದಲ ಬಾರಿಗೆ ಕಟ್ಟುನಿಟ್ಟಾದ ಕ್ರಮವನ್ನು ಹಾಕಿಕೊಟ್ಟಿತು. ಮಗುವಿಗೆ ಮೊದಲು ತನ್ನ ನಾಡಿನಲ್ಲಿಯೇ ಮನೆ ದೊರೆಯುವುದೇ ಎಂದು ನೋಡಬೇಕು. ದೊರೆಯದಾಗ ಮಾತ್ರ ಗಡಿಯಾಚೆ ನೋಡಬೇಕು ಎಂಬುದು ಅದರ ಹೃದಯ. 1990ರಲ್ಲಿ ಇದರ ಮೇಲ್ವಿಚಾರಣೆಗೆ ಕೇಂದ್ರ ದತ್ತು ಪ್ರಾಧಿಕಾರ ಸ್ಥಾಪಿತವಾಯಿತು. ಅಂತರರಾಷ್ಟ್ರೀಯ ಕ್ಷೇತ್ರದಲ್ಲಿ 1993ರ ಹೇಗ್ ಒಡಂಬಡಿಕೆ ಇದೇ ತತ್ತ್ವವನ್ನು ಸಾರಿತು. ಭಾರತ ಅದನ್ನು 2003ರಲ್ಲಿ ಅಂಗೀಕರಿಸಿತು.

ಈ ನಿಯಮಗಳ ಒಳಹೊಕ್ಕು ನೋಡಿದರೆ, ಕಾಯುವವರು ದಂಪತಿಗಳೊಬ್ಬರೇ ಅಲ್ಲವೆಂದು ತಿಳಿಯುತ್ತದೆ. ಹೇಗ್ ಒಡಂಬಡಿಕೆಯ ಪ್ರಕಾರ ಮಗು ಹುಟ್ಟಿದ ಮೇಲಲ್ಲದೆ ತಾಯಿ ಒಪ್ಪಿಗೆ ಕೊಡುವಂತಿಲ್ಲ. ಹಣದ ಆಮಿಷದಿಂದ ಬಂದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ನಮ್ಮ ಬಾಲನ್ಯಾಯ ಕಾಯಿದೆಯು, ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮತ್ತೆ ಆಲೋಚಿಸಲು ಎರಡು ತಿಂಗಳ ಅವಕಾಶವನ್ನು ಕೊಟ್ಟಿದೆ. ಎಲ್ಲಿಯೋ ಒಂದು ಕಡೆ, ಬಡತನದಿಂದಲೋ ಲೋಕಾಪವಾದದ ಭಯದಿಂದಲೋ ಕೂಸನ್ನು ಒಪ್ಪಿಸಿ ಬಂದ ಹೆಣ್ಣೊಬ್ಬಳು ಆ ದಿನಗಳನ್ನು ಎಣಿಸುತ್ತಿರುತ್ತಾಳೆ. ಅವಳ ಎದೆಯ ಹಾಲು ಇನ್ನೂ ಬತ್ತಿರುವುದಿಲ್ಲ. ಹಿಂತಿರುಗಿ ಬಂದು "ನನ್ನ ಮಗುವನ್ನು ಕೊಡಿ" ಎಂದು ಕೇಳಲು ಅವಳಿಗೆ ಅಷ್ಟು ದಿನಗಳ ಹಕ್ಕಿದೆ. ದೂರದ ಮನೆಯಲ್ಲಿ ಭಾರವಾಗುವ ದಿನಗಳಲ್ಲಿ ಮೊದಲ ಅರುವತ್ತು ಅವಳಿಗೆ ಸಲ್ಲತಕ್ಕವು. ಅವನ್ನು ಕಡಿಮೆ ಮಾಡಬೇಕೆನ್ನುವವರು ಅವಳ ಮುಖವನ್ನು ಒಮ್ಮೆ ನೆನೆಯಬೇಕು.

ಆ ಬಳಿಕ ಮಗು ದತ್ತುವಿಗೆ ಅರ್ಹವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಬೇಕು. ತಬ್ಬಲಿಯಾಗಿ ಸಿಕ್ಕಿದ ಮಗುವಾದರೆ ಹೆತ್ತವರನ್ನು ಹುಡುಕುವ ಪ್ರಯತ್ನ ಮೊದಲು ನಡೆಯಬೇಕು. ಅತ್ತ ದಂಪತಿಗಳ ಮನೆ, ಆರೋಗ್ಯ, ಆದಾಯ, ನಡತೆಗಳನ್ನು ಕುರಿತ ವರದಿ ಸಿದ್ಧವಾಗಬೇಕು. ಮಗುವನ್ನು ಸೂಚಿಸಿ, ದಂಪತಿಗಳು ಒಪ್ಪಿದ ಮೇಲೆ ಪ್ರಾಧಿಕಾರದ ನಿರಾಕ್ಷೇಪಣ ಪತ್ರ ಬೇಕು. ಅನಂತರ ದತ್ತುವಿನ ಆಜ್ಞೆ. ಕೊನೆಗೆ ಪಾಸ್‌ಪೋರ್ಟು, ವೀಸಾ. 2021ರ ತಿದ್ದುಪಡಿ ಆಜ್ಞೆ ನೀಡುವ ಅಧಿಕಾರವನ್ನು ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗೆ ವರ್ಗಾಯಿಸಿತು. ವಿಳಂಬವನ್ನು ತಪ್ಪಿಸುವುದೇ ಅದರ ಉದ್ದೇಶವೆಂದು ಆಗ ಹೇಳಲಾಯಿತು. ಮಗು ಹೊಸ ಮನೆ ಸೇರಿದ ಮೇಲೂ ಎರಡು ವರ್ಷಗಳ ಕಾಲ ಅದರ ಕ್ಷೇಮದ ವರದಿ ಬರುತ್ತಿರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಎಲ್ಲ ಕಾಯುವಿಕೆಗಳ ನಡುವೆ, ತಾನು ಕಾಯುತ್ತಿದ್ದೇನೆಂಬುದನ್ನೇ ಅರಿಯದೆ ಕಾಯುತ್ತಿರುವ ಜೀವವೊಂದಿದೆ. ಕಚೇರಿಯ ಲೆಕ್ಕದಲ್ಲಿ ಒಂದು ವರ್ಷವೆಂದರೆ ಒಂದು ಆಯವ್ಯಯ. ಎಂಟು ತಿಂಗಳ ಕೂಸಿಗೆ ಅದು ಬಾಳಿದ ಆಯುಷ್ಯಕ್ಕಿಂತ ದೊಡ್ಡದು. ತಾಯಿಯ ಆರೈಕೆಯಿಂದ ವಂಚಿತವಾದ ಶಿಶುವಿನ ಮನಸ್ಸು ಹೇಗೆ ಕುಗ್ಗುವುದೆಂಬುದನ್ನು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ಗ್ರಂಥದಲ್ಲಿ ತೋರಿಸಿಕೊಟ್ಟರು. ಅರ್ಧ ಶತಮಾನದ ತರುವಾಯ ರುಮೇನಿಯದ ಬುಖಾರೆಸ್ಟಿನಲ್ಲಿ, ಅನಾಥಾಲಯಗಳ 136 ಶಿಶುಗಳನ್ನು ಕುರಿತು ದೀರ್ಘಕಾಲದ ಪರಿಶೀಲನೆ ಆರಂಭವಾಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಸೇರಿಸಲಾಯಿತು. ಮನೆ ಸೇರಿದ ಮಕ್ಕಳು ಚೇತರಿಸಿಕೊಂಡರು. ಅವರಲ್ಲಿಯೂ ಎರಡು ವರ್ಷ ತುಂಬುವುದರೊಳಗೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಹೊತ್ತು ಹೊತ್ತಿಗೆ ಹಾಲು, ಶುಚಿಯಾದ ಹಾಸಿಗೆ ಇವುಗಳಷ್ಟರಿಂದಲೇ ಶಿಶು ಬೆಳೆಯದು. ಅತ್ತಾಗ ಓಡಿಬರುವ ಅದೇ ಮುಖ, ಅದೇ ದನಿ ಅದಕ್ಕೆ ಬೇಕು. ಮೇಜಿನ ಮೇಲೆ ಸುಮ್ಮನೆ ಬಿದ್ದ ಕಡತ ಆ ಮುಖವನ್ನು ತಡೆದು ನಿಲ್ಲಿಸಿರುತ್ತದೆ.

ಕಾಯುವಿಕೆ ಮುಗಿಯದೆಯೇ ಕಡಿದುಹೋಗುವುದೂ ಉಂಟು. ರಷ್ಯ ದೇಶವು 2012ರ ಡಿಸೆಂಬರಿನಲ್ಲಿ ಅಮೆರಿಕದವರಿಗೆ ಮಕ್ಕಳನ್ನು ಕೊಡಕೂಡದೆಂದು ಶಾಸನ ಮಾಡಿತು. ಆ ವೇಳೆಗೆ ಕೆಲವು ದಂಪತಿಗಳು ಅನಾಥಾಲಯಕ್ಕೆ ಹೋಗಿ ಮಗುವನ್ನು ಎತ್ತಿ ಆಡಿಸಿ, ಮತ್ತೆ ಬರುವೆವೆಂದು ಹೇಳಿ ಬಂದಿದ್ದರು. ಅದು ಪಕ್ಷಪಾತದ ವರ್ತನೆಯೆಂದು ಯುರೋಪಿನ ಮಾನವಹಕ್ಕುಗಳ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಚೀನದಿಂದ 1990ರ ದಶಕದ ಆರಂಭದಿಂದ ಅಮೆರಿಕವೊಂದಕ್ಕೇ 80 ಸಾವಿರಕ್ಕೂ ಹೆಚ್ಚು ಮಕ್ಕಳು ಹೋಗಿದ್ದರು. 2020ರಲ್ಲಿ ಕೋವಿಡ್ ಪಿಡುಗಿನಿಂದ ಪ್ರಯಾಣ ನಿಂತಾಗ, ಮಗುವನ್ನು ಗೊತ್ತುಮಾಡಿಕೊಂಡಿದ್ದ ನೂರಾರು ಕುಟುಂಬಗಳು ಬಾಗಿಲು ತೆರೆಯುವುದನ್ನೇ ನೋಡುತ್ತ ಕುಳಿತವು. 2024ರ ಸೆಪ್ಟೆಂಬರಿನಲ್ಲಿ ಚೀನ ಸರ್ಕಾರ, ಹತ್ತಿರದ ನೆಂಟರಿಗಲ್ಲದೆ ಇನ್ನು ಪರದೇಶಿಯರಿಗೆ ದತ್ತು ಕೊಡುವುದಿಲ್ಲವೆಂದು ಸಾರಿತು. ನಾಲ್ಕು ವರ್ಷಗಳ ಹಿಂದೆ ಬಂದ ಭಾವಚಿತ್ರದಲ್ಲಿದ್ದ ಮಗು ಅಷ್ಟರಲ್ಲಿ ಬೆಳೆದಿತ್ತು. ತನಗೊಂದು ಕೋಣೆ ಸಿದ್ಧವಾಗಿದೆಯೆಂದು ಅದಕ್ಕೆ ಯಾರಾದರೂ ಹೇಳಿದ್ದರೆ, ಆ ಕೋಣೆ ತನ್ನದಲ್ಲವೆಂಬುದನ್ನು ಯಾರು ಹೇಗೆ ತಿಳಿಸಿದರೋ!

ಮಕ್ಕಳನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ತನ್ನ ಮಕ್ಕಳನ್ನು ತಾನೇ ಸಾಕಬಲ್ಲೆನೆಂಬುದು ಹೆಮ್ಮೆಯ ಮಾತೂ ಹೌದು. ಆದರೆ ಮಗುವಿಗೆ ಮನೆಯ ಆಸೆ ತೋರಿಸಿದ ಮೇಲೆ, ಆ ಮನೆಯನ್ನಾಗಲಿ ಅದಕ್ಕೆ ಸಮನಾದ ಇನ್ನೊಂದನ್ನಾಗಲಿ ಒದಗಿಸುವ ಹೊಣೆಯಿಂದ ಯಾವ ಸರ್ಕಾರವೂ ಜಾರಿಕೊಳ್ಳಲಾಗದು.

ಆದುದರಿಂದ ಕಾಯುವಿಕೆಯಲ್ಲಿ ಎರಡು ಬಗೆಯುಂಟೆಂದು ಹೇಳಬೇಕಾಗಿದೆ. ಹೆತ್ತವಳ ಮನಸ್ಸು ನೆಲೆಗೊಳ್ಳಲಿ ಎಂದು, ದಾಖಲೆಯ ಸತ್ಯಾಸತ್ಯ ತಿಳಿಯಲಿ ಎಂದು, ತನ್ನ ನಾಡಿನಲ್ಲಿ ಮಗುವಿಗೆ ನೆಲೆಯುಂಟೇ ಎಂದು ಹುಡುಕಲು ಕಳೆಯುವ ದಿನಗಳು ಒಂದು ಬಗೆ; ಅವು ಮಗುವಿಗಾಗಿ ವ್ಯಯವಾದವು. ಸಹಿಗಾಗಿ, ಮುದ್ರೆಗಾಗಿ, ರಜೆಯ ಮೇಲೆ ಹೋದ ಅಧಿಕಾರಿ ಹಿಂದಿರುಗಲೆಂದು ಕಳೆಯುವ ದಿನಗಳು ಇನ್ನೊಂದು ಬಗೆ. ಅವು ಮಗುವಿನಿಂದ ಕದ್ದವು. ಎಚ್ಚರಿಕೆಯ ನೂರು ಕಟ್ಟಳೆಗಳನ್ನು ವಿಧಿಸಿದ ಹೇಗ್ ಒಡಂಬಡಿಕೆಯೇ ತನ್ನ 35ನೆಯ ವಿಧಿಯಲ್ಲಿ, ಅಧಿಕಾರಿಗಳು ತ್ವರೆಯಿಂದ ನಡೆಯತಕ್ಕದ್ದೆಂದೂ ಹೇಳಿದೆ. ಎಚ್ಚರಿಕೆಗೂ ತ್ವರೆಗೂ ವೈರವಿಲ್ಲ. ವೈರವಿರುವುದು ಎಚ್ಚರಿಕೆಗೂ ಆಲಸ್ಯಕ್ಕೂ.

ನಮ್ಮ ಭಾರತಕಥೆಯಲ್ಲಿ ರಾಧೆಯ ಮಡಿಲಿಗೆ ಬಂದ ಕರ್ಣನಿಗೆ ಸಾಕುತಾಯಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಅವನನ್ನು ಕೊಂದ ಸಂಗತಿಗಳಲ್ಲಿ ಒಂದು, ತಾನು ಯಾರ ಮಗನೆಂಬ ಸತ್ಯ ಯುದ್ಧದ ಹೊಸ್ತಿಲಲ್ಲಿ, ತಡವಾಗಿ ಬಂದದ್ದು. ಕಡಲಾಚೆಯ ಕೂಸು ಕೂಡ ಒಂದು ದಿನ ಬೆಳೆದು ನಿಂತು, ತಾನು ಯಾರ ಮಗು, ತನ್ನನ್ನು ಯಾಕೆ ಕೊಟ್ಟರು, ಕೊಡುವ ಮೊದಲು ತನ್ನವರನ್ನು ಹುಡುಕಿದರೇ ಎಂದು ಕೇಳದಿರದು. ಆ ದಿನ ತಂದೆತಾಯಿಗಳು ಅಂಜದೆ ಕಡತವನ್ನು ಬಿಚ್ಚಿ ಅದರ ಕೈಯಲ್ಲಿ ಇಡುವಂತಾದರೆ, ಅಂದು ಭಾರವೆನಿಸಿದ ಒಂದೊಂದು ತಿಂಗಳೂ ಸಾರ್ಥಕವಾಯಿತೆಂದು ತಿಳಿಯಬೇಕು.