ವಿದ್ಯುತ್ ಟೆಂಪೋ: ದುಡಿಯುವವನ ಕೈಗೆ ನಿಲುಕುವುದೇ?

ಹೊಟೇಲಿನಲ್ಲಿ ಹತ್ತು ಹನ್ನೆರಡು ವರ್ಷ ದುಡಿದು ನಾಲ್ಕು ಕಾಸು ಕೂಡಿಟ್ಟವನು ಸ್ವಂತ ಉದ್ಯೋಗವೆಂದು ಮೊದಲು ಎಣಿಸುವವುಗಳಲ್ಲಿ ಸಾಮಾನು ಸಾಗಿಸುವ ಸಣ್ಣ ಟೆಂಪೋ ಒಂದು. ತರಕಾರಿ, ಹಾಲು, ಅಕ್ಕಿಮೂಟೆಗಳನ್ನು ಪೇಟೆಯಿಂದ ಅಡಿಗೆಮನೆಗೆ ಮುಟ್ಟಿಸುವ ಕೆಲಸಕ್ಕೆ ಮಹಾನಗರಗಳಲ್ಲಿ ಎಂದೂ ಬರವಿಲ್ಲ. ಈಗ ಆ ಟೆಂಪೋ ಪೆಟ್ರೋಲ್, ಡೀಸೆಲ್ಲುಗಳ ಹಂಗಿಲ್ಲದೆ ವಿದ್ಯುತ್ತಿನಿಂದಲೇ ಓಡುವಂತಾಗಿದೆ. ಸಾಲ ಮಾಡಿ ಗಾಡಿ ಕೊಳ್ಳುವವನಿಗೆ ಇದು ಹಿತವೇ ಎಂಬುದನ್ನು ನಾವು ವಿಚಾರಿಸತಕ್ಕದ್ದು.

ವಿದ್ಯುದ್ವಾಹನವು ಕನ್ನಡಿಗರಿಗೆ ತೀರ ಹೊಸತಲ್ಲ. ‘ರೇವಾ’ ಎಂಬ ಪುಟ್ಟ ಕಾರು ಬೆಂಗಳೂರಿನಿಂದ 2001ರಲ್ಲಿಯೇ ಹೊರಬಂದಿತ್ತು. ಆದರೆ ಸರಕು ಹೊರುವ ಗಾಡಿ ಸಾಮಾನ್ಯನ ಸಮೀಪಕ್ಕೆ ಬಂದುದು ಇತ್ತೀಚೆಗೆ. 2005ರಲ್ಲಿ ಬಂದು ‘ಛೋಟಾ ಹಾಥಿ’ ಎಂದು ಜನಪ್ರಿಯವಾದ ಟಾಟಾ ಏಸ್ ಗಾಡಿಯ ವಿದ್ಯುತ್ ರೂಪವು 2022ರಲ್ಲಿ ಪ್ರಕಟವಾಯಿತು; ಬೆಲೆ ಹತ್ತು ಲಕ್ಷದ ಸಮೀಪ. 2024ರ ಅಕ್ಟೋಬರದಲ್ಲಿ ಮಹೀಂದ್ರರ ‘ಜಿಯೋ’ 7.52 ಲಕ್ಷಕ್ಕೆ ಬಂದಿತು. 2025ರ ಜೂನಿನಲ್ಲಿ ‘ಏಸ್ ಪ್ರೊ’ ಹೊರಟಾಗ ಪೆಟ್ರೋಲ್ ಗಾಡಿಗೆ 3.99 ಲಕ್ಷ, ವಿದ್ಯುತ್ ಗಾಡಿಗೆ 6.50 ಲಕ್ಷ ರೂಪಾಯಿ ಎಂದು ಮೊದಲ ಬೆಲೆ ಗೊತ್ತುಪಡಿಸಿದರು. ಈ ವಿದ್ಯುತ್ ಗಾಡಿಯ ಬ್ಯಾಟರಿ 14.4 ಯೂನಿಟ್ಟಿನದು, ಹೊರೆ 750 ಕಿಲೋ, ಕಂಪೆನಿ ಹೇಳುವ ಓಟ 155 ಕಿಲೋಮೀಟರು.

ಹಾಗಾದರೆ ಎರಡೂವರೆ ಲಕ್ಷದ ಅಂತರ ತುಂಬಿ ಬರುವುದೆಂತು? ಪೆಟ್ರೋಲು ಲೀಟರಿಗೆ 100 ರೂಪಾಯಿ, ಓಟ 15 ಕಿಲೋಮೀಟರು ಎಂದು ಹಿಡಿದರೆ ಕಿಲೋಮೀಟರಿಗೆ ಆರೂವರೆ ರೂಪಾಯಿಗೂ ಮಿಕ್ಕಿ ಬೀಳುತ್ತದೆ. ವಿದ್ಯುತ್ ಗಾಡಿಗೆ ಸೋರಿಕೆ ಸೇರಿ 16 ಯೂನಿಟ್, ಯೂನಿಟ್ಟಿಗೆ 10 ರೂಪಾಯಿ, ಹೊರೆಯೊಡನೆ 100 ಕಿಲೋಮೀಟರು ಎಂದು ಬಿಗಿಹಿಡಿದು ಎಣಿಸಿದರೂ 1 ರೂಪಾಯಿ 60 ಪೈಸೆ. ಉಳಿತಾಯ ಐದು ರೂಪಾಯಿ. ದಿನಕ್ಕೆ 60 ಕಿಲೋಮೀಟರಿನಂತೆ ತಿಂಗಳಲ್ಲಿ 25 ದಿನ ಓಡಿದರೆ 7,500 ರೂಪಾಯಿ ಉಳಿದು, ಬಡ್ಡಿಯನ್ನು ಬಿಟ್ಟರೆ ಮೂರು ವರ್ಷದೊಳಗೆ ಅಂತರ ತುಂಬುತ್ತದೆ. ದಿನಕ್ಕೆ 20 ಕಿಲೋಮೀಟರು ಮಾತ್ರ ಓಡಿದರೆ ಎಂಟು ವರ್ಷವೂ ಸಾಲದು. ಇದಲ್ಲದೆ 2025ರ ಸೆಪ್ಟೆಂಬರ 22ರಿಂದ ಪೆಟ್ರೋಲ್ ಸರಕುಗಾಡಿಯ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ವಿದ್ಯುತ್ ಗಾಡಿಯದು ಮೊದಲಿನ 5 ಶೇಕಡವೇ. ಬೆಲೆಯ ಅಂತರ ಇದರಿಂದ ಹಿಗ್ಗಿತೇ ಹೊರತು ಕುಗ್ಗಲಿಲ್ಲ.

ಆದುದರಿಂದ ಹೆಚ್ಚು ಓಡಿದವನಿಗೆ ಹೆಚ್ಚು ಲಾಭ. ಆದರೆ ಓಟಕ್ಕೆ ಬ್ಯಾಟರಿಯೇ ಮಿತಿ. ಮುಂಬಯಿಯಿಂದ ಉಡುಪಿಗೆ ಮನೆಸಾಮಾನು ಒಯ್ಯುವ ಬಾಡಿಗೆಗೆ ಈ ಗಾಡಿ ತಕ್ಕುದಲ್ಲ. ದಿನವೂ ಗೊತ್ತಾದ ದಾರಿಯಲ್ಲಿ ತಿರುಗುವ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಇನ್ನೊಂದು ತೊಡಕು ರಾತ್ರಿಯದು. ಚಾಳಿನಲ್ಲಿ ವಾಸ, ಗಾಡಿ ಬೀದಿಯಲ್ಲಿ. ಅದಕ್ಕೆ ವಿದ್ಯುತ್ ಕೊಡುವವರಾರು? ಹೊರಗಿನ ಚಾರ್ಜಿಂಗ್ ಠಾಣೆಗಳಲ್ಲಿ ದರ ಹೆಚ್ಚಾದರೆ ಮೇಲಿನ ಉಳಿತಾಯವು ಅಷ್ಟರಮಟ್ಟಿಗೆ ಕರಗುತ್ತದೆ. ಹಳೆಯ ವಿದ್ಯುತ್ ಗಾಡಿಗೆ ಪೇಟೆಯಲ್ಲಿ ಬೆಲೆ ಇನ್ನೂ ನೆಲೆನಿಂತಿಲ್ಲವಾದ್ದರಿಂದ ಸಾಲ ಕೊಡುವವರೂ ಬಡ್ಡಿಯಲ್ಲಿ ಬಿಗಿ ಹಿಡಿಯುತ್ತಾರೆ.

ಸರಕಾರದ ನೆರವು ಇಲ್ಲವೆಂದಲ್ಲ. ವಿದ್ಯುದ್ವಾಹನಗಳಿಗೆ ಪರ್ಮಿಟ್ಟಿನ ಅವಶ್ಯಕತೆಯನ್ನು ಕೇಂದ್ರವು 2018ರಲ್ಲಿ ತೆಗೆದುಹಾಕಿತು. ದಿಲ್ಲಿಯಲ್ಲಿ 2021ರಲ್ಲಿ ಸಣ್ಣ ವಿದ್ಯುತ್ ಸರಕುಗಾಡಿಗಳಿಗೆ ನಿಷಿದ್ಧ ವೇಳೆಯಲ್ಲಿಯೂ ಸಂಚರಿಸಲು ವಿನಾಯಿತಿ ದೊರೆಯಿತು. ಆದರೆ 2025ರ ಜುಲೈಯಲ್ಲಿ ಪಿಎಂ ಇ-ಡ್ರೈವ್ ಯೋಜನೆಯಡಿ ಪ್ರಕಟವಾದ, ಲಾರಿಯೊಂದಕ್ಕೆ 9.60 ಲಕ್ಷದವರೆಗಿನ ಸಹಾಯವು ಮೂರೂವರೆ ಟನ್ನಿಗೆ ಮೇಲ್ಪಟ್ಟ ಗಾಡಿಗಳಿಗೆ ಮಾತ್ರ. ಒಂದೇ ಗಾಡಿಯನ್ನು ನಂಬಿದವನು ಆ ಪಂಕ್ತಿಯ ಹೊರಗೆ ಉಳಿದನು. ವಾಶಿ, ಕೊಯಂಬೇಡು, ಆಜಾದ್‌ಪುರದಂಥ ಪೇಟೆಗಳ ಅಂಗಳದಲ್ಲಿ ಮಿತದರದ ಚಾರ್ಜಿಂಗ್, ಬ್ಯಾಂಕುಗಳಲ್ಲಿ ಇಳಿಬಡ್ಡಿಯ ಸಾಲ: ಇವೆರಡಾದರೆ ಅವನಿಗೆ ಸಹಾಯಧನಕ್ಕಿಂತಲೂ ಹೆಚ್ಚಿನ ಉಪಕಾರವಾದೀತು.

ಗಾಡಿ ಕೊಳ್ಳಬೇಕೆಂದಿರುವ ಬಂಧುಗಳಿಗೆ ನಮ್ಮ ಸೂಚನೆ ಇಷ್ಟೆ: ದಿನದ ಬಾಡಿಗೆ ಎಷ್ಟು ಕಿಲೋಮೀಟರೆಂದು ಒಂದು ತಿಂಗಳು ಬರೆದಿಡಿರಿ, ರಾತ್ರಿ ವಿದ್ಯುತ್ ಸಿಗುವ ಜಾಗವನ್ನು ಖಚಿತಪಡಿಸಿಕೊಳ್ಳಿರಿ, ಬ್ಯಾಟರಿಯ ಗ್ಯಾರಂಟಿಯನ್ನು ಬರಹದಲ್ಲಿ ಪಡೆಯಿರಿ. ಈ ಮೂರೂ ಕೂಡಿಬಂದವರು ಧೈರ್ಯವಾಗಿ ಮುಂದುವರಿಯಬಹುದು. ಒಂದು ತಪ್ಪಿದರೂ, ಕೂಡಿಟ್ಟ ಹಣವು ಇನ್ನೂ ಕೆಲಕಾಲ ಬ್ಯಾಂಕಿನಲ್ಲಿರುವುದೇ ಲೇಸು.